ಏರಿಯ ಕೆಳಗೇ ಮಲಗಿದ್ದವರು: ಟೊಕೋವಾ, 1977

ಕೆಆರ್‌ಎಸ್‌ನಿಂದ 24 ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ ಅಂದರೆ ಶ್ರೀರಂಗಪಟ್ಟಣದ ಕಡೆಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಅದರ ಎರಡು, ಮೂರು ಪಟ್ಟು ನೋಡಿದ ಜನ ಅವರು. ಕಾವೇರಿಗೆ ಅಷ್ಟು ಅಗಲವಿದೆ. ನೀರು ಬಿಡುವ ಮೊದಲೇ ಎಚ್ಚರಿಕೆಯೂ ಬರುತ್ತದೆ.

ಅದೇ 24 ಸಾವಿರ ಕ್ಯೂಸೆಕ್ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಣ್ಣ ತೊರೆಗೆ ಬಂದಿತ್ತು. 1977ರ ನವೆಂಬರ್ 6, ಭಾನುವಾರ, ನಸುಕಿನ ಒಂದೂವರೆ ಗಂಟೆ. ಅದನ್ನು ಯಾರೂ ಬಿಟ್ಟದ್ದಲ್ಲ. ಮೇಲಿದ್ದ ಮಣ್ಣಿನ ಏರಿ ಒಡೆದು ಬಂದದ್ದು. 39 ಜನ ಸತ್ತರು.

ಆ ಕೆರೆ ಎಷ್ಟು ದೊಡ್ಡದು ಅಂತೀರಾ? ಒಡೆಯುವ ಹೊತ್ತಿಗೆ ಅದರಲ್ಲಿದ್ದದ್ದು ಸುಮಾರು 630 ಎಕರೆ-ಅಡಿ ನೀರು. ಎಕರೆ-ಅಡಿ ಅಂದರೆ ಒಂದು ಎಕರೆ ಜಾಗದಲ್ಲಿ ಒಂದಡಿ ನಿಂತ ನೀರು. ನಮ್ಮ ಲೆಕ್ಕಕ್ಕೆ ತಂದರೆ 0.027 ಟಿಎಂಸಿ. ಇಂಥ ಸಾವಿರದ ಎಂಟುನೂರು ಕೆರೆ ಸೇರಿಸಿದರೆ ಒಂದು ಕೆಆರ್‌ಎಸ್ ತುಂಬುತ್ತದೆ. ಅಣೆಕಟ್ಟು ಅನ್ನೋದಕ್ಕೇ ಸಂಕೋಚವಾಗುವಷ್ಟು ಸಣ್ಣದು. ಹೆಸರು ಮಾತ್ರ ಕೆಲ್ಲಿ ಬಾರ್ನ್ಸ್ ಡ್ಯಾಮ್ ಅಂತ ಇತ್ತು.

ಮಾಲೀಕರು ಯಾವುದೋ ಕಂಪನಿಯಲ್ಲ. ಒಂದು ಬೈಬಲ್ ಕಾಲೇಜು. ಟೊಕೋವಾ ಅನ್ನುವ ಊರಿನ ಪಕ್ಕ, ಟೊಕೋವಾ ಜಲಪಾತದ ಬುಡದಲ್ಲಿ ಆ ಕಾಲೇಜಿದೆ. ಏರಿ ಇದ್ದದ್ದು ಜಲಪಾತದ ಮೇಲ್ಗಡೆ, ಅದೇ ತೊರೆಗೆ ಅಡ್ಡಲಾಗಿ. ಅಂದರೆ ಕೆರೆಯೂ ಕಾಲೇಜಿನದು, ಅದರ ಕೆಳಗೆ ಮಲಗುತ್ತಿದ್ದವರೂ ಕಾಲೇಜಿನವರೇ.

ಈ ಪ್ರಕರಣ ನನ್ನನ್ನು ಕಾಡುವುದು ಈ ಒಂದು ಕಾರಣಕ್ಕೆ. ಖಾಸಗಿ ಅಣೆಕಟ್ಟು ಒಡೆಯಿತು ಅಂದ ಕೂಡಲೇ ನಮ್ಮ ಮನಸ್ಸು ಒಬ್ಬ ಖಳನಾಯಕನನ್ನು ಹುಡುಕುತ್ತದೆ. ಎಲ್ಲೋ ದೂರದಲ್ಲಿ ಕೂತ ದುಡ್ಡಿನ ದಣಿ, ಕೆಳಗೆ ಬಡ ಊರು. ಅಂಥ ಕಥೆಗಳೂ ಇವೆ. 1889ರಲ್ಲಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಕೊಚ್ಚಿ ಹೋಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಅಣೆಕಟ್ಟು ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನದು. ಟೊಕೋವಾದಲ್ಲಿ ಹಾಗಲ್ಲ. ಏರಿ ಗಟ್ಟಿಯಾಗಿರಬೇಕು ಅನ್ನುವ ಸ್ವಾರ್ಥ ಆ ಮಾಲೀಕರಿಗಿಂತ ಜಾಸ್ತಿ ಇನ್ಯಾರಿಗೂ ಇರಲಿಲ್ಲ. ಆದರೂ ಒಡೆಯಿತು.

ಮೊದಲು ಅದರ ಹುಟ್ಟು ನೋಡೋಣ. 1899ರಲ್ಲಿ ಅಲ್ಲಿ ಸಣ್ಣದೊಂದು ಜಲವಿದ್ಯುತ್ ಘಟಕಕ್ಕಾಗಿ ಕಲ್ಲಿನ ತಡೆ ಕಟ್ಟಿದರು. ಮರದ ತೊಲೆಗಳನ್ನು ಪೆಟ್ಟಿಗೆಯ ಹಾಗೆ ಜೋಡಿಸಿ ಒಳಗೆ ಕಲ್ಲು ತುಂಬುವ ಹಳೇ ಪದ್ಧತಿ ಅದು. ಮುಂದೆ ಜಾಗ ಕಾಲೇಜಿನ ಕೈಗೆ ಬಂತು. ವಿದ್ಯುತ್ ಸಾಲದಾಯಿತು. 1930ರ ದಶಕದ ಕೊನೆಗೆ ಆ ಹಳೇ ತಡೆಯ ಮೇಲೇ ಮಣ್ಣು ಸುರಿದು ಏರಿ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನಷ್ಟು ಎತ್ತರಿಸಿದರು. ಕೊನೆಗೆ ಅದು ಸುಮಾರು 400 ಅಡಿ ಉದ್ದ, 40 ಅಡಿ ಎತ್ತರದ ಏರಿಯಾಯಿತು. ಹಿಂದೆ 40 ಎಕರೆ ಕೆರೆ.

ಮನೆ ಮೇಲೆ ಮನೆ ಏರಿಸುವುದನ್ನು ನಾವೆಲ್ಲ ಕಂಡವರೇ. ಮೊದಲು ಹಂಚಿನ ಮನೆ, ಆಮೇಲೆ ತಾರಸಿ, ಆಮೇಲೆ ಮಗನಿಗೊಂದು ಮಹಡಿ. ಅಡಿಪಾಯ ಯಾವುದಕ್ಕೆ ಹಾಕಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಕೆಲ್ಲಿ ಬಾರ್ನ್ಸ್ ಕೂಡ ಹಾಗೇ ಬೆಳೆಯಿತು. ದುರಂತದ ನಂತರ ತನಿಖೆಗೆ ಬಂದವರು ನಕ್ಷೆ ಕೇಳಿದರೆ ಎಂಜಿನಿಯರ್ ಹಾಕಿದ ಒಂದು ನಕ್ಷೆಯೂ ಸಿಗಲಿಲ್ಲ.

1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದೇ ಮುಖ್ಯವಾದ ಇಸವಿ. ಅಲ್ಲಿಯವರೆಗೆ ಕೆರೆಗೆ ಒಂದು ಕೆಲಸವಿತ್ತು. ಕೆಲಸವಿದ್ದಾಗ ದಿನಾ ಯಾರಾದರೂ ಒಬ್ಬರು ಅಲ್ಲಿಗೆ ಹೋಗಲೇಬೇಕು. ತೂಬು ತೆಗೆಯಬೇಕು, ಕಸ ಎಳೆಯಬೇಕು, ನೀರಿನ ಮಟ್ಟ ನೋಡಬೇಕು. ಕೆಲಸ ನಿಂತ ಮೇಲೆ ಅದು ಬರೀ ಚೆಂದದ ಕೆರೆ. ಮೀನು ಹಿಡಿಯಬಹುದು, ಸಂಜೆ ಸುತ್ತಾಡಬಹುದು. ಆದರೆ ಏರಿಗೆ ಇದು ಗೊತ್ತಾಗುವುದಿಲ್ಲ ನೋಡಿ. ಅದು ಮೊದಲಿನ ಹಾಗೇ ಅಷ್ಟೂ ನೀರನ್ನು ಹೊತ್ತುಕೊಂಡು ನಿಂತಿತ್ತು. ಸಂಬಳವಿಲ್ಲದ ಕಾವಲುಗಾರನ ಹಾಗೆ, ಇಪ್ಪತ್ತು ವರ್ಷ.

ಆ ಇಪ್ಪತ್ತು ವರ್ಷದಲ್ಲಿ ಏರಿಯ ಹೊರಮೈ ಮೇಲೆ ಮರಗಳು ಬೆಳೆದವು. ಹೊರಮೈ ಮೊದಲೇ ಕಡಿದಾಗಿತ್ತು. ಮಣ್ಣಿನ ಏರಿ ಒಂದಡಿ ಏರಿದರೆ ಎರಡು, ಎರಡೂವರೆ ಅಡಿ ಹೊರಗೆ ಚಾಚಿಕೊಂಡಿರಬೇಕು. ಆಗಲೇ ಅದು ನೆನೆದಾಗಲೂ ನಿಲ್ಲುತ್ತದೆ. ಇಲ್ಲಿ ಕೆಲವು ಕಡೆ ಒಂದಡಿಗೆ ಒಂದೇ ಅಡಿ. ನೇರ 45 ಡಿಗ್ರಿ. ಒಣಗಿದ್ದಾಗ ಅದೂ ನಿಲ್ಲುತ್ತದೆ. ಅದಕ್ಕೇ ಮೋಸ ಹೋಗುತ್ತೇವೆ.

ಒಂದು ಫೋಟೋ ಇದೆ. 1973ರದು. ಏರಿಯ ಹೊರಮೈಯಲ್ಲಿ ಮಣ್ಣು ಜಾರಿದ್ದು ಅದರಲ್ಲಿ ಕಾಣುತ್ತದೆ. ಸುಮಾರು 12 ಅಡಿ ಎತ್ತರ, 30 ಅಡಿ ಅಗಲದ ಜಾರು. ಏರಿಯ ಒಟ್ಟು ಎತ್ತರವೇ 40 ಅಡಿ ಅನ್ನುವುದನ್ನು ಮರೆಯಬೇಡಿ. ಅಂದರೆ ಒಡೆಯುವುದಕ್ಕೆ ನಾಲ್ಕು ವರ್ಷ ಮೊದಲೇ ಏರಿ ಬಾಯಿ ಬಿಟ್ಟು ಹೇಳಿತ್ತು. ಅದನ್ನು ನೋಡಿದವರಿಗೆ ಅದರ ಭಾಷೆ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ಓದುವಾಗ ನನಗೆ ಸಕಲೇಶಪುರದ ಕಡೆಯ ಒಂದು ಕೆರೆ ನೆನಪಾಯಿತು. ದೊಡ್ಡಪ್ಪನ ಮಗನ ಕಾಫಿ ತೋಟದಲ್ಲಿರುವುದು. ಬೇಸಿಗೆಯಲ್ಲಿ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ನೀರು ಬೇಕಲ್ಲ, ಅದಕ್ಕೆ ಹಳ್ಳಕ್ಕೆ ಅಡ್ಡ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಮಾರ್ಚ್ ತಿಂಗಳು, ಸುತ್ತಲೂ ನೆಲ ಬಿರಿದಿತ್ತು. ಏರಿಯ ಹೊರಮೈಯಲ್ಲಿ ಒಂದು ಹಾಸಿಗೆ ಅಗಲದ ಜಾಗ ಮಾತ್ರ ಹಸಿರಾಗಿತ್ತು. ಕಾಲಿಟ್ಟರೆ ಚಪ್ಪಲಿ ಹೂತಿತು. "ಅಲ್ಲಿ ಬೇಸಿಗೇಲೂ ಹುಲ್ಲು ಒಣಗಲ್ಲ ಮಾರಾಯ, ದನಕ್ಕೆ ಒಳ್ಳೇದಾಯ್ತು" ಅಂದ ಅವನು. ನನಗೂ ಒಳ್ಳೆಯದೇ ಅನ್ನಿಸಿತ್ತು.

ಟೊಕೋವಾಕ್ಕೆ ವಾಪಸ್ ಬರೋಣ. ನವೆಂಬರ್ 2ರಿಂದ 5ರವರೆಗೆ ಅಲ್ಲಿ 7 ಇಂಚು ಮಳೆಯಾಯಿತು. ಅದರಲ್ಲಿ ಅರ್ಧ, ಮೂರೂವರೆ ಇಂಚು, 5ರ ಸಂಜೆ ಆರರಿಂದ ನಡುರಾತ್ರಿಯೊಳಗೆ ಬಿದ್ದದ್ದು. ಮಲೆನಾಡಿನ ತೋಟದವರಿಗೆ ಇಂಚಿನ ಲೆಕ್ಕ ಚೆನ್ನಾಗಿ ಗೊತ್ತು. ನಾಲ್ಕು ದಿನಕ್ಕೆ ಏಳು ಇಂಚು ಅಂದರೆ ಜುಲೈಯಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡುವುದಿಲ್ಲ. ಜಾರ್ಜಿಯಾಕ್ಕೆ ಅದು ಜೋರು ಮಳೆ. ಮಾಮೂಲಿ ದಿನಗಳಲ್ಲಿ ಸುಮಾರು 410 ಎಕರೆ-ಅಡಿ ಇರುತ್ತಿದ್ದ ಕೆರೆ ಆ ರಾತ್ರಿ 630ಕ್ಕೆ ಏರಿತು.

ಒಂದೂವರೆಗೆ ಏರಿ ಒಡೆಯಿತು. ನೀರು ಮೊದಲು ತೊರೆಯಲ್ಲಿ ನುಗ್ಗಿ, ಆಮೇಲೆ 186 ಅಡಿ ಎತ್ತರದ ಜಲಪಾತದಿಂದ ಧುಮುಕಿತು. ಕೆಳಗೆ ತೊರೆಯ ದಡದಲ್ಲಿ ಟ್ರೈಲರ್ ಮನೆಗಳಿದ್ದವು. ಚಕ್ರದ ಮೇಲೆ ತಂದು ನಿಲ್ಲಿಸುವ ತಗಡಿನ ಮನೆಗಳು. ಮದುವೆಯಾದ ವಿದ್ಯಾರ್ಥಿಗಳು ಮಕ್ಕಳ ಜೊತೆ ಅಲ್ಲಿರುತ್ತಿದ್ದರು. ಬಾಡಿಗೆ ಕಡಿಮೆ, ಕ್ಲಾಸು ಹತ್ತಿರ. ಆ ಜಾಗಕ್ಕೆ ಟ್ರೈಲರ್‌ವಿಲ್ ಅಂತಲೇ ಹೆಸರು. ಅಡಿಪಾಯವಿಲ್ಲದ ಮನೆಯನ್ನು ನೀರು ಮೊದಲು ಎತ್ತುತ್ತದೆ, ಆಮೇಲೆ ಒಡೆಯುತ್ತದೆ. 18 ಟ್ರೈಲರ್, 9 ಮನೆ, ಕಾಲೇಜಿನ 2 ಕಟ್ಟಡ ಪೂರ್ತಿ ಹೋದವು. ಸತ್ತ 39 ಜನರಲ್ಲಿ ಅರ್ಧದಷ್ಟು ಮಕ್ಕಳು. ಊರಿನ ಕುಡಿಯುವ ನೀರೂ ಕೆಟ್ಟಿತು. ಸೇತುವೆಗಳು ಕಿತ್ತು ಹೋದವು. ಆಸ್ತಿ ನಷ್ಟ 28 ಲಕ್ಷ ಡಾಲರ್ ಅಂತ ಲೆಕ್ಕ ಹಾಕಿದರು.

ಏರಿಯನ್ನು ಮತ್ತೆ ಕಟ್ಟಲಿಲ್ಲ. ಜಲಪಾತದ ಹತ್ತಿರ ಒಂದು ಸ್ಮಾರಕವಿದೆ.

ಯಾಕೆ ಒಡೆಯಿತು? ಫೆಡರಲ್ ತನಿಖಾ ಮಂಡಳಿ ಒಂದೇ ಕಾರಣ ಇದು ಅಂತ ಬೆರಳಿಟ್ಟು ತೋರಿಸಲಿಲ್ಲ. ತೋರಿಸಲು ಏರಿಯೇ ಉಳಿದಿರಲಿಲ್ಲ. ಹೆಚ್ಚು ಸಂಭವ ಅಂತ ಅವರು ಹೇಳಿದ ಸರಣಿ ಹೀಗಿದೆ. ಕಡಿದಾದ ಹೊರಮೈಯಲ್ಲಿ ಒಂದು ಕಡೆ ಮಣ್ಣು ಜಾರಿತು. ಬಹುಶಃ ಒಳಗಿಂದ ನೀರು ಮಣ್ಣನ್ನು ಹೊತ್ತು ತರುತ್ತಿತ್ತು. ಜಾರಿದ ಜಾಗದಲ್ಲಿ ಏರಿಯ ನೆತ್ತಿ ಮುರಿಯಿತು. ಅಲ್ಲಿಂದ ನೀರು ಕೊರೆಯುತ್ತಾ ಹೋಯಿತು, ಉಳಿದ ಮಣ್ಣು ನೆನೆಯಿತು, ಆಮೇಲೆ ಇಡೀ ಏರಿ ಕುಸಿಯಿತು.

ಒಳಗಿಂದ ನೀರು ಮಣ್ಣು ಹೊತ್ತು ತರುವುದಕ್ಕೆ ಎಂಜಿನಿಯರುಗಳು ಪೈಪಿಂಗ್ ಅನ್ನುತ್ತಾರೆ. ಏಡಿ ಬಿಲ, ಹೆಗ್ಗಣದ ಬಿಲದಿಂದ ಕೆರೆ ಏರಿ ಒಡೆಯಿತು ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದೇ ಕಾಯಿಲೆ. ಯಾವ ಮಣ್ಣಿನ ಏರಿಯೂ ಪೂರ್ತಿ ಒಣಗಿರುವುದಿಲ್ಲ. ಒಳಗೆ ನೀರು ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ತಿಳಿ ನೀರು ಜಿನುಗಿದರೆ ಗಮನ ಕೊಡಬೇಕು. ಕೆಸರು ನೀರು ಬಂದರೆ ಓಡಬೇಕು. ಏರಿಯೊಳಗೆ ಹಳೇ ಮರದ ತೊಲೆ, ಕಲ್ಲಿನ ರಾಶಿ, ಕೊಳವೆ, ಮರದ ಬೇರು ಇದ್ದರೆ ಅವುಗಳ ಪಕ್ಕದಲ್ಲಿ ನೀರಿಗೆ ಸಲೀಸಾದ ದಾರಿ ಸಿಗುತ್ತದೆ. ಕೆಲ್ಲಿ ಬಾರ್ನ್ಸ್‌ನ ಹೊಟ್ಟೆಯಲ್ಲಿ ಇವೆಲ್ಲ ಇದ್ದವು.

ಕೆರೆಯ ಮಟ್ಟ ಕೆಲವೇ ಅಡಿ ಏರಿದರೂ ಏರಿಯೊಳಗಿನ ಹಸಿ ಗೆರೆ ಮೇಲೇರುತ್ತದೆ. ಮೂವತ್ತು ವರ್ಷದಿಂದ ಒಣಗಿದ್ದ ಮಣ್ಣು ಆ ರಾತ್ರಿ ಮೊದಲ ಸಲ ನೆನೆದಿರಬಹುದು. 45 ಡಿಗ್ರಿಯಲ್ಲಿ ನಿಂತ ಮಣ್ಣು ನೆನೆದರೆ ಏನಾಗುತ್ತದೆ ಅಂತ ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ರಸ್ತೆ ಅಗಲ ಮಾಡಿದ ಮೇಲೆ ಶಿರಾಡಿ ಘಾಟಿಯ ಪಕ್ಕದ ಗುಡ್ಡ ನೋಡಿದರೆ ಸಾಕು.

ಈಗ ಸರ್ಕಾರದ ಕಡೆ ಬರೋಣ. ಇಲ್ಲಿ ನನಗೆ ಸಿಟ್ಟು ಬರುತ್ತದೆ.

1972ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲ ಗಣಿಯ ಕಸದಿಂದ ಕಟ್ಟಿದ ಒಡ್ಡು ಒಡೆದು 125 ಜನ ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತು ಅಣೆಕಟ್ಟು ತಪಾಸಣೆ ಕಾಯ್ದೆ ಮಾಡಿತು. ದೇಶದಲ್ಲಿರುವ ಅಣೆಕಟ್ಟುಗಳನ್ನೆಲ್ಲ ಪಟ್ಟಿ ಮಾಡಿ ತಪಾಸಣೆ ಮಾಡಿ ಅಂತ ಸೇನೆಯ ಎಂಜಿನಿಯರ್ ದಳಕ್ಕೆ ಹೇಳಿತು. ಪಟ್ಟಿ ತಯಾರಾಯಿತು, ಸುಮಾರು 50 ಸಾವಿರ ಅಣೆಕಟ್ಟುಗಳದು. ತಪಾಸಣೆಗೆ ಮಾತ್ರ ದುಡ್ಡು ಬರಲಿಲ್ಲ. ಅಂದರೆ ಎಲ್ಲೆಲ್ಲಿ ಏನೇನಿದೆ ಅಂತ ಗೊತ್ತು, ಹೋಗಿ ನೋಡುವವರಿಲ್ಲ. ಇಂಥ ಪಟ್ಟಿಗಳನ್ನು ನಾವೂ ಬೇಕಾದಷ್ಟು ಕಂಡಿದ್ದೇವೆ ಅಲ್ವಾ.

1976ರಲ್ಲಿ ಐಡಹೋದ ಟೀಟನ್ ಅಣೆಕಟ್ಟು ಒಡೆಯಿತು. ಅದು ಫೆಡರಲ್ ಸರ್ಕಾರವೇ ಕಟ್ಟಿದ, ಆಗಷ್ಟೇ ತುಂಬಿಸುತ್ತಿದ್ದ 300 ಅಡಿ ಎತ್ತರದ ಮಣ್ಣಿನ ಅಣೆಕಟ್ಟು. 11 ಜನ ಸತ್ತರು. ಸರ್ಕಾರ ತನ್ನ ಅಣೆಕಟ್ಟುಗಳ ಕಡೆ ತಿರುಗಿ ನೋಡಿತು. ಖಾಸಗಿಯವು ಹಾಗೇ ಉಳಿದವು. ಅವನ್ನು ನೋಡಿಕೊಳ್ಳಬೇಕಾದ್ದು ಆಯಾ ರಾಜ್ಯ. ಜಾರ್ಜಿಯಾದಲ್ಲಿ ಅದಕ್ಕೊಂದು ಕಾಯ್ದೆಯೇ ಇರಲಿಲ್ಲ.

ಆಗ ಅಧ್ಯಕ್ಷರಾಗಿದ್ದವರು ಜಿಮ್ಮಿ ಕಾರ್ಟರ್. ಜಾರ್ಜಿಯಾದವರೇ, ಅಲ್ಲಿ ಗವರ್ನರ್ ಆಗಿದ್ದವರು. ಅವರ ಪತ್ನಿ ರೋಸಲಿನ್ ಕೂಡಲೇ ಟೊಕೋವಾಕ್ಕೆ ಹೋಗಿ ಬಂದರು. ಐದು ವರ್ಷದಿಂದ ಹೊರಡದಿದ್ದ ದುಡ್ಡು ಕೆಲವೇ ವಾರಗಳಲ್ಲಿ ಹೊರಟಿತು. ಒಡೆದರೆ ಜೀವಹಾನಿಯಾಗುವಂಥ, ಫೆಡರಲ್ ಸರ್ಕಾರದ್ದಲ್ಲದ ಅಣೆಕಟ್ಟುಗಳನ್ನು ತಪಾಸಣೆ ಮಾಡಿ ಅಂತ ಕಾರ್ಟರ್ ಆದೇಶ ಕೊಟ್ಟರು.

ಆ ತಪಾಸಣೆ ಭಾರೀ ಏನೂ ಅಲ್ಲ. ಏರಿ ಕೊರೆದು ಮಣ್ಣು ತೆಗೆಯಲಿಲ್ಲ. ಅನುಭವಸ್ಥ ಎಂಜಿನಿಯರ್ ಬಂದು ಏರಿ ಮೇಲೆ, ಕೆಳಗೆ ನಡೆದು ನೋಡುವುದು, ಇದ್ದ ಕಾಗದ ಓದುವುದು, ಜೋರು ಮಳೆ ಬಂದರೆ ಕೋಡಿಯಲ್ಲಿ ನೀರು ಹೋಗುತ್ತದಾ ಅಂತ ಲೆಕ್ಕ ಹಾಕುವುದು. ಅಷ್ಟೇ. 1981ರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಅಣೆಕಟ್ಟು ನೋಡಿದರು. ಮೂರರಲ್ಲಿ ಒಂದು ಅಸುರಕ್ಷಿತ ಅಂತ ಬಂತು. ಅವುಗಳಲ್ಲಿ ಹೆಚ್ಚಿನವಕ್ಕೆ ಕೋಡಿಯೇ ಸಾಲದು.

ಸುಮ್ನೆ ನಡೆದು ನೋಡಿದ್ದಕ್ಕೆ ಇಷ್ಟು ಸಿಕ್ಕಿತು. 1973ರ ಆ ಜಾರನ್ನು ಇಂಥ ಒಬ್ಬ ಎಂಜಿನಿಯರ್ ಅರ್ಧ ದಿನ ನೋಡಿದ್ದರೆ ಕೆರೆಯ ಮಟ್ಟ ಇಳಿಸಿ ಅಂತ ಹೇಳದೆ ಹೋಗುತ್ತಿರಲಿಲ್ಲ. ಮಾಲೀಕರು ಏರಿಯ ಮೇಲೆಯೇ ಓಡಾಡುತ್ತಿದ್ದರು. ಆದರೆ ದಿನಾ ನೋಡುವ ಕಣ್ಣು ಬೇರೆ, ಗೊತ್ತಿದ್ದು ನೋಡುವ ಕಣ್ಣು ಬೇರೆ. ಮನೆಯವರಿಗೆ ಮಗು ಬಡವಾಗಿದ್ದು ಕಾಣುವುದಿಲ್ಲ, ಊರಿಂದ ಬಂದ ಅಜ್ಜಿಗೆ ಬಾಗಿಲಲ್ಲೇ ಕಾಣುತ್ತದೆ. ಮೇಲ್ವಿಚಾರಣೆ ಅಂದರೆ ಆ ಅಜ್ಜಿಯನ್ನು ವರ್ಷಕ್ಕೊಮ್ಮೆ ಕರೆಸುವುದು. ಮಾಲೀಕ ಕೆಟ್ಟವನು ಅಂತ ಅಲ್ಲ.

ತಪಾಸಣೆಯ ವರದಿಗಳು ಗವರ್ನರುಗಳ ಕೈಗೆ ಹೋದವು. ರಿಪೇರಿಗೆ ಫೆಡರಲ್ ದುಡ್ಡು ಇರಲಿಲ್ಲ. ಮಾಲೀಕನಿಂದ ಮಾಡಿಸುವ ಅಧಿಕಾರ ರಾಜ್ಯದ್ದು. ಖಾಸಗಿ ಏರಿಯ ತೊಡಕು ಕೊನೆಗೂ ಇಲ್ಲೇ ಬಂದು ನಿಲ್ಲುತ್ತದೆ. ಆದಾಯವಿಲ್ಲದ ಕೆರೆಗೆ ದೊಡ್ಡ ಖರ್ಚು ಹಾಕುವವರು ಯಾರು? ಒಡೆದು ಹಾಕೋಣ ಅಂದರೂ ಅದಕ್ಕೂ ದುಡ್ಡು ಬೇಕು. ಅಮೆರಿಕದ ಪಟ್ಟಿಯಲ್ಲಿ ಇವತ್ತು 90 ಸಾವಿರಕ್ಕೂ ಹೆಚ್ಚು ಅಣೆಕಟ್ಟುಗಳಿವೆ, ಅರ್ಧಕ್ಕಿಂತ ಜಾಸ್ತಿ ಖಾಸಗಿಯವರವು.

ಜಾರ್ಜಿಯಾ 1978ರಲ್ಲಿ ತನ್ನ ಸುರಕ್ಷಿತ ಅಣೆಕಟ್ಟು ಕಾಯ್ದೆ ಮಾಡಿತು. 25 ಅಡಿ ಎತ್ತರ ಅಥವಾ 100 ಎಕರೆ-ಅಡಿ ನೀರು ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಒಡೆದರೆ ಜನ ಸಾಯುವ ಸಂಭವವಿದ್ದರೆ ಒಂದನೇ ದರ್ಜೆ, ಇಲ್ಲದಿದ್ದರೆ ಎರಡನೇ ದರ್ಜೆ. ಪರವಾನಗಿ, ತಪಾಸಣೆಯ ಬಿಗಿಯೆಲ್ಲ ಒಂದನೇ ದರ್ಜೆಗೆ. ದರ್ಜೆ ಏರಿ ಎಷ್ಟು ಗಟ್ಟಿ ಅನ್ನುವುದಕ್ಕಲ್ಲ, ಕೆಳಗೆ ಯಾರಿದ್ದಾರೆ ಅನ್ನುವುದಕ್ಕೆ. ಇದು ಒಳ್ಳೆಯ ಯೋಚನೆ. ಆದರೆ ಇದರಲ್ಲೂ ಒಂದು ಸಂದು ಉಳಿಯುತ್ತದೆ. ಇವತ್ತು ಕೆಳಗೆ ಹುಲ್ಲುಗಾವಲು ಇದೆ, ಎರಡನೇ ದರ್ಜೆ. ಐದು ವರ್ಷದಲ್ಲಿ ಅಲ್ಲಿ ಲೇಔಟ್ ಆಗುತ್ತದೆ. ಏರಿ ಒಂದಿಂಚೂ ಬದಲಾಗಿಲ್ಲ, ಆದರೂ ದರ್ಜೆ ಬದಲಾಗಬೇಕು. ಅದನ್ನು ಯಾರಾದರೂ ಹೋಗಿ ನೋಡಿ ಬರೆಯಬೇಕು.

ಬರೆಯದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಹವಾಯಿಯ ಕಾ ಲೋಕೋ ಇದೆ. ಹಳೇ ಕಬ್ಬಿನ ತೋಟಕ್ಕೆ ಕಟ್ಟಿದ ಖಾಸಗಿ ಮಣ್ಣಿನ ಅಣೆಕಟ್ಟು ಅದು. ಅಲ್ಲಿ ಕಾಯ್ದೆ ಇತ್ತು. ಅಣೆಕಟ್ಟು ಕಡಿಮೆ ಅಪಾಯದ್ದು ಅಂತ ದಾಖಲಾಗಿತ್ತು. 2006ರ ಮಾರ್ಚ್ 14ರಂದು ಒಡೆದು 7 ಜನ ಸತ್ತರು. ಆಮೇಲೆ ಹೋಗಿ ನೋಡಿದರೆ ಕೋಡಿಯೇ ಇರಲಿಲ್ಲ, ಮಣ್ಣು ಮುಚ್ಚಿತ್ತು.

ಇದನ್ನೆಲ್ಲ ಓದಿದ ಮೇಲೆ ಒಂದು ಕುತೂಹಲ ಹುಟ್ಟಿತು. ಕೆಲ್ಲಿ ಬಾರ್ನ್ಸ್ ನಮ್ಮ ದೇಶದಲ್ಲಿದ್ದಿದ್ದರೆ? ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. 15 ಮೀಟರಿಗಿಂತ ಎತ್ತರದವು ಅದರಡಿ ಬರುತ್ತವೆ. 10ರಿಂದ 15 ಮೀಟರಿನವು ಬರಬೇಕಾದರೆ ಇನ್ನೊಂದು ಷರತ್ತು ದಾಟಬೇಕು. ಕೆಲ್ಲಿ ಬಾರ್ನ್ಸ್ ಸುಮಾರು 12 ಮೀಟರ್. ಸರಿ, ಷರತ್ತು ನೋಡೋಣ. ಉದ್ದ 500 ಮೀಟರ್ ಇರಬೇಕು, ಇದು 122. ನೀರು 10 ಲಕ್ಷ ಘನ ಮೀಟರ್ ಹಿಡಿಯಬೇಕು; ಇದು ಒಡೆಯುವ ಹೊತ್ತಿಗೂ ಸುಮಾರು 7.8 ಲಕ್ಷ. ಪ್ರವಾಹ ಸೆಕೆಂಡಿಗೆ 2,000 ಘನ ಮೀಟರ್ ಇರಬೇಕು. ಇದು ಪೂರ್ತಿ ಒಡೆದಾಗ ಬಂದದ್ದೇ 680. ಇನ್ನು ಉಳಿದದ್ದು ಕಷ್ಟದ ತಳಪಾಯ, ಅಸಾಮಾನ್ಯ ವಿನ್ಯಾಸ ಅನ್ನುವ ಎರಡು. ಕಲ್ಲಿನ ಪೆಟ್ಟಿಗೆ ಮೇಲೆ ಮಣ್ಣು ಸುರಿದದ್ದು ಅಸಾಮಾನ್ಯ ಅಂತ ವಾದಿಸಬಹುದು. ಆದರೆ ಹಾಗೆ ವಾದಿಸಲು ಯಾರಾದರೂ ಮೊದಲು ಹೋಗಿ ನೋಡಿರಬೇಕಲ್ಲ. ಅಳತೆಯ ಲೆಕ್ಕದಲ್ಲಂತೂ 39 ಜನರನ್ನು ಕೊಂದ ಆ ಏರಿ ನಮ್ಮ ಕಾಯ್ದೆಯ ಕಣ್ಣಿಗೇ ಬೀಳುತ್ತಿರಲಿಲ್ಲ. ಕೆಳಗೆ ಯಾರಿದ್ದಾರೆ ಅನ್ನುವ ಪ್ರಶ್ನೆ ಆ ಷರತ್ತುಗಳಲ್ಲಿ ಇಲ್ಲ.

ಮೊನ್ನೆ ಸಕಲೇಶಪುರಕ್ಕೆ ಫೋನ್ ಮಾಡಿದ್ದೆ. ಆ ಹಸಿರು ಹುಲ್ಲಿನ ಜಾಗ ಈಗ ಹೇಗಿದೆ ಅಂತ ಕೇಳಿದೆ. ಹಾಗೇ ಇದೆ ಅಂದ. ಜಿನುಗುವ ನೀರು ತಿಳಿಯಾ, ಕೆಸರಾ ಅಂದೆ. ನೋಡಿಲ್ಲ ಅಂದ. ಏರಿ ಕೆಳಗೆ ಯಾರಿದ್ದಾರೆ ಅಂತ ಕೇಳಿದೆ.

"ಯಾರೂ ಇಲ್ಲ ಮಾರಾಯ, ಬರೀ ಗದ್ದೆ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಲೈನ್ ಮನೆ ನಾಲ್ಕಿವೆ."